ಸುರಪುರದ ಹ್ಯಾಂಡಲ್ ಆಯುಧವಲ್ಲ

ವಶಪಡಿಸಿಕೊಂಡ ಆಯುಧಗಳ ಮೇಲಿನ ಅಧಿಕಾರಿಗಳಿಗೆ, ಯಾದಗಿರಿ

ಮಾನ್ಯರೇ,

ಬರೆಯಬಾರದಿತ್ತು, ಬರೆಯುತ್ತಿದ್ದೇನೆ, ಕ್ಷಮಿಸಬೇಕು. ನಾನು ಕಲಬುರ್ಗಿಯಲ್ಲಿ ಇಂಟರ್‌ಮೀಡಿಯೆಟ್ ಮೊದಲ ವರ್ಷದ ಹುಡುಗ. ಸಣ್ಣವನಿದ್ದಾಗಿನಿಂದ ಹಾಸ್ಟೆಲಿನಲ್ಲೇ ಬೆಳೆದವನು. ಕ್ಲಾಸಿನಲ್ಲಿ ಉರ್ದು, ವಾರ್ಡನ್ ಎದುರು ಇಂಗ್ಲಿಷ್, ಕನ್ನಡ ರಜೆಯಲ್ಲಿ ಮಾತ್ರ. ತಪ್ಪುಗಳಿದ್ದರೆ ತಿದ್ದಿ ಓದಿಕೊಳ್ಳಿ. ಆದರೆ ಒಂದು ತಪ್ಪು ನನ್ನದಲ್ಲ. ತಮ್ಮ ಕೋಣೆಯಲ್ಲಿ ಕತ್ತಿ, ಬರ್ಚಿಗಳ ನಡುವೆ ಕೊರಳಿಗೆ ಚೀಟಿ ಕಟ್ಟಿಸಿಕೊಂಡು ಬಿದ್ದಿರುವ ಬಾಗಿದ ಕಬ್ಬಿಣದ ಸರಳು ಆಯುಧವಲ್ಲ. ಅದು ನಮ್ಮ ಮೋಟಾರ್ ಕ್ಲಬ್ಬಿನ ಹ್ಯಾಂಡಲ್. ಅದನ್ನು ಆಯುಧವೆಂದು ಬರೆದುಕೊಂಡದ್ದರಿಂದ ಸುರಪುರದ ದರ್ಜಿ ಮಸ್ತಾನಸಾಬರು ಪ್ರತಿ ಸೋಮವಾರ ಪೊಲೀಸ್ ಚೌಕಿಯಲ್ಲಿ ಹಾಜರಿ ಹಾಕುತ್ತಿದ್ದಾರೆ; ತಾಲೂಕಿನ ಗಡಿ ದಾಟುವಂತಿಲ್ಲ. ಯಾದಗಿರಿಗೆ ಕೊಟ್ಟ ಅವರ ಮಗಳು ಶರೀಫಾಬೀಯ ಕೂಸು ಈಗ ಅಂಬೆಗಾಲಿಡುತ್ತಿದೆ. ಹಾಜರಿ ಹಾಕುವವನ ಮನೆಗೆ ಅದನ್ನು ಕಳಿಸಲು ಬೀಗರಿಗೆ ಭಯ. ಅಜ್ಜ ಇನ್ನೂ ಅದರ ಮುಖ ನೋಡಿಲ್ಲ.

ಕ್ಲಬ್ ಎಂದ ಕೂಡಲೇ ತಾವು ಹೈದರಾಬಾದಿನ ಕ್ಲಬ್ಬುಗಳನ್ನು ನೆನೆಯಬೇಡಿ. ಯಾದಗಿರಿಯಲ್ಲಿ ಉಣ್ಣೆ ವ್ಯಾಪಾರ ಮಾಡುವ ನಮ್ಮಪ್ಪ ಮಲ್ಕಪ್ಪ, ಶಹಾಪುರದಲ್ಲಿ ಹಿಟ್ಟಿನ ಗಿರಣಿ ನಡೆಸುವ ಹುಲಗಪ್ಪ ಕಾಕಾ, ಸುರಪುರದ ಮಸ್ತಾನ ಚಾಚಾ. ಮೂವರೂ ಮೋಟಾರಿನ ಹುಚ್ಚರು. ಮಹಾಯುದ್ಧ ಮುಗಿದ ವರ್ಷ ಒಂದು ಹಳೆಯ ಕಾರನ್ನು ಕೂಡಿ ಕೊಂಡರು. ಒಬ್ಬರ ಮೇಲೊಬ್ಬರಿಗೆ ಪ್ರೀತಿ ಬಹಳ, ನಂಬಿಕೆ ಅಷ್ಟಕ್ಕಷ್ಟೆ. ಒಬ್ಬನೇ ಗಾಡಿ ಹೊಡೆದುಕೊಂಡು ಹೋದರೆ? ಹಾಗಾಗಿ ಕ್ಲಬ್ಬಿನ ಏಕಮಾತ್ರ ಕಾನೂನು ಹುಟ್ಟಿತು: ಕಾರು ಶಹಾಪುರದ ಗಿರಣಿಯಲ್ಲಿ, ಕೀಲಿ ಯಾದಗಿರಿಯಲ್ಲಿ, ಮೂತಿಗೆ ತೂರಿಸಿ ತಿರುವಿ ಎಂಜಿನ್ ಎಬ್ಬಿಸುವ ಹ್ಯಾಂಡಲ್ ಸುರಪುರದಲ್ಲಿ. ಮೂರೂ ಊರು ಕೂಡಿದರೆ ಮಾತ್ರ ಗಾಡಿ ಚಾಲೂ. ಅಪ್ಪ ಕೊಟ್ಟ ಕಂಬಳಿಯ ತುಂಡಿನಲ್ಲಿ ಹ್ಯಾಂಡಲನ್ನು ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಮಸ್ತಾನ ಚಾಚಾ ಬಸ್ಸಿನಲ್ಲಿ ಬರುತ್ತಿದ್ದರು. ರಜೆಯಲ್ಲಿ ಹಿಂದಿನ ಸೀಟು ನನ್ನದು.

"ಏನಲೇ ದರ್ಜಿ, ಕೂಸಿಗೆ ಹಾಲು ಕುಡಿಸಿ ಕರ್ಕೊಂಡು ಬಂದಿಯೇನು?" ಎಂದು ಹುಲಗಪ್ಪ ಕಾಕಾ ಛೇಡಿಸುವರು.

"ನನ್ನ ಕೂಸು ಗಟ್ಟಿ ಐತಿ ಬಿಡೋ. ನಿನ್ನ ಗಾಡೀನ ಕೆಮ್ಮಾಕತ್ತೈತಿ, ಅದಕ್ಕ ಮೊದಲ ಕಷಾಯ ಹಾಕು," ಎಂದು ಚಾಚಾ.

ಆಮೇಲೆ ಪೊಲೀಸ್ ಕಾರ್ಯಾಚರಣೆ ಬಂತು, ಹೈದರಾಬಾದಿನಲ್ಲಿ ರಾಜ್ಯ ಬದಲಾಯಿತು, ಆಯುಧ ಒಪ್ಪಿಸಿರೆಂದು ಡಂಗುರ ಹೊಡೆದರು. ಗದ್ದಲ ತಣ್ಣಗಾಯಿತೆಂದು ನಂಬಿ ಅಪ್ಪ, "ಬಾರಪ್ಪಾ, ಗಾಡಿ ತುಕ್ಕು ಹಿಡಿಯಾಕತ್ತೈತಿ," ಎಂದು ಚಾಚಾಗೆ ಹೇಳಿ ಕಳಿಸಿದರು. ಚಾಚಾ ಹೊರಟ ಬಸ್ಸನ್ನು ದಾರಿಯಲ್ಲಿ ತಡೆದು ತಪಾಸಣೆ ಮಾಡಿದರು. ಜಮಾದಾರ ಕಂಬಳಿ ಬಿಚ್ಚಿಸಿದ.

"ಇದೇನಿದು?"

"ಮೋಟಾರಿನ ಹ್ಯಾಂಡಲ್ ರೀ ಸಾಹೇಬ್ರ."

"ಮೋಟಾರ್ ಎಲ್ಲೈತಿ?"

"ಶಹಾಪುರದಾಗ ಐತ್ರಿ."

"ಹೋಗ್ಲಿ, ಕೀಲಿ ತೋರ್ಸು."

"ಅದು ಯಾದಗಿರ್ಯಾಗ ಐತ್ರಿ."

ಬಸ್ಸೆಲ್ಲ ನಕ್ಕಿತಂತೆ. ಜಮಾದಾರ ನಗಲಿಲ್ಲ. ನ್ಯಾಯವಾಗಿ ಹೇಳುತ್ತೇನೆ, ಅವನ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲವೇನೋ. ಆದರೆ ತಾವು ವಿಚಾರಣೆಯ ಅಧಿಕಾರಿಗಳು. ತಮಗೆ ಪುರಸೊತ್ತು ಇತ್ತಲ್ಲವೇ?

ತಮ್ಮ ಕಚೇರಿಗೆ ಅರ್ಜಿ ಕೊಟ್ಟೆವು. ಕಾರು ಚಾಲೂ ಮಾಡಿ ತೋರಿಸಿದರೆ ಹ್ಯಾಂಡಲ್ ಬಿಡುತ್ತೇವೆ ಎಂದಿರಿ. ಹ್ಯಾಂಡಲ್ ಬಿಟ್ಟರೆ ಚಾಲೂ ಮಾಡುತ್ತೇವೆ ಎಂದೆವು. ವಿಚಾರಣೆ ಮುಗಿಯದೆ ಬಿಡಲಾಗದು ಎಂದಿರಿ. ಎಂಥ ಲಾಜಿಕ್ ಸರ್! ನಮ್ಮ ಪಠ್ಯದಲ್ಲಿ ಇದಿಲ್ಲ. ಕಡೆಗೆ ಹುಲಗಪ್ಪ ಕಾಕಾ ಅಪ್ಪನಿಂದ ಕೀಲಿ ತರಿಸಿಕೊಂಡು, ಕಮ್ಮಾರನಿಂದ ಇನ್ನೊಂದು ಹ್ಯಾಂಡಲ್ ಬಡಿಸಿ, ಭೀಮಾ ನದಿ ದಾಟಿಸಿ, ಕಾರನ್ನು ತಮ್ಮ ಬಾಗಿಲಿಗೇ ತಂದು ನಿಲ್ಲಿಸಿದರು. ತಮ್ಮ ಕಚೇರಿಯವರು ಕಾರು ಹತ್ತಿ ರೈಲ್ವೆ ಸ್ಟೇಷನ್ನಿನವರೆಗೆ ಒಂದು ಸುತ್ತು ಹೊಡೆದು ಬಂದರು. ಸವಾರಿ ಭೇಷಾಗಿದೆ ಎಂದೂ ಅಂದರು. ಇಳಿದ ಮೇಲೆ ತೀರ್ಪು ಬಂತು: "ಈ ಸರಳು ಹ್ಯಾಂಡಲ್ ಎಂಬುದು ಸಾಬೀತಾಯಿತು. ಆ ಸರಳಿನ ಬಗ್ಗೆ ಏನೂ ಸಾಬೀತಾಗಲಿಲ್ಲ." ಆ ಸರಳು ಅದೇ ಗೋಡೆಯ ಆಚೆಗಿತ್ತು. ಎದ್ದು ಹೋಗಿ ತಂದು ಒಮ್ಮೆ ತೂರಿಸಿ ನೋಡಲು ಯಾವ ಕಾನೂನು ಅಡ್ಡ ಬಂತು?

ವಾರ್ಡನ್ನರ ಮುಂದೆ ಹೇಳಿಕೊಂಡೆ. "ಮೈಂಡ್ ಯುವರ್ ಸ್ಟಡೀಸ್" ಎಂದರು. ಅಪ್ಪ ಕೀಲಿಯನ್ನು ದೇವರ ಗೂಡಿನಲ್ಲಿಟ್ಟು ಸುಮ್ಮನಾಗಿದ್ದಾರೆ. ಈ ಸಲ ರಜೆಯಲ್ಲಿ ಸುರಪುರಕ್ಕೆ ಹೋದಾಗ ಚಾಚಾ ಮಷೀನಿನ ಮುಂದೆ ಕೂತು ಪುಟ್ಟ ಅಂಗಿಯೊಂದನ್ನು ಹೊಲಿಯುತ್ತಿದ್ದರು. ಯಾರ ಅಳತೆ ಎಂದು ಕೇಳಿದೆ. "ಅಂದಾಜಿನ ಮ್ಯಾಲ ಹೊಲಿಯಾಕತ್ತೇನಿ," ಎಂದರು. ಆಮೇಲೆ ಸಂಗತಿ ಹೇಳಿದರು. ಅದು ಆಯುಧವೇ, ತಪ್ಪಾಯಿತು ಎಂದು ಬರೆದುಕೊಟ್ಟರೆ ಮಾಫಿ ಸಿಗುತ್ತದೆ, ಹಾಜರಿ ತಪ್ಪುತ್ತದೆ ಎಂದು ಚೌಕಿಯ ಗುಮಾಸ್ತ ಉಪಾಯ ಕೊಟ್ಟಿದ್ದಾನೆ.

"ಅದು ಸುಳ್ಳಲ್ಲೇನು ಚಾಚಾ?"

"ಖರೇ ಹೇಳಿ ನೋಡಿದ್ನಲ್ಲೋ ಬೀರಣ್ಣ, ಯಾರು ಕೇಳಿದ್ರು? ಒಂದು ಸಹಿ ಹಾಕಿದ್ರ ಮೊಮ್ಮಗಳ ಮಾರಿ ನೋಡಬಹುದು."

ಸಹಿ ಬಿದ್ದರೆ ಅವರು ತಮ್ಮ ಕಚೇರಿಯ ಕಾಗದಗಳಲ್ಲಿ ಸಾಯುವವರೆಗೂ ಬಸ್ಸಿನಲ್ಲಿ ಆಯುಧ ಒಯ್ದವರು. ಬೀಳದಿದ್ದರೆ ಆ ಅಂಗಿ ಕೂಸಿಗೆ ಗಿಡ್ಡವಾಗುತ್ತದೆ.

ಕಾರು ಮತ್ತೆ ತಮ್ಮ ಬಾಗಿಲಿಗೆ ಬರುತ್ತದೆ. ಈ ಸಲ ಒಳಗಿರುವ ಹ್ಯಾಂಡಲನ್ನೇ ತಂದು, ತಾವೇ ತಿರುವಿ ನೋಡಿ. ಎಂಜಿನ್ ಎದ್ದರೆ ಚಾಚಾರನ್ನು ಬಿಡಿ. ಇಲ್ಲದಿದ್ದರೆ ಬರುವ ಸೋಮವಾರ ಹಾಜರಿಗೆ ಹೋದಾಗ ಅವರು ಆ ಸುಳ್ಳಿಗೆ ಸಹಿ ಹಾಕುತ್ತಾರೆ. ಅದಕ್ಕೆ ಮೊದಲೇ, ದಯವಿಟ್ಟು ಬೇಗ ಉತ್ತರ ಬರೆಯಿರಿ.

ಇಂತಿ,
ಮೂರೂರ ಮೋಟಾರ್ ಕ್ಲಬ್ಬಿನ ಹಿಂದಿನ ಸೀಟಿನವನು,
ಯಾವುದನ್ನೂ ಚಾಲೂ ಮಾಡಲು ಬಾರದ
ಬೀರಣ್ಣ