ರಜೆಯಲ್ಲಿರುವ ಅಕ್ಕನ ಮೂವತ್ತು ಕಾಲರು

ಹೊಲಿಗೆ ಕಾರ್ಖಾನೆ, ಎರಡನೇ ಮಹಡಿ
ಗುರುವಾರ, ಊಟದ ಬಿಡುವು

ಪ್ರೀತಿಯ ಅಕ್ಕಾ,

ಮಂಡಿ ಹೇಗಿದೆ? ಮೆಟ್ಟಿಲು ಹತ್ತಲು ಡಾಕ್ಟರು ಒಪ್ಪಿದರೇ? ಮಗಳ ಮನೆಯಲ್ಲಿ ಸುಮ್ಮನೆ ಕೂರಲಾಗದೆ ಅಳಿಯನ ಅಂಗಿಗಳ ಹೊಲಿಗೆಯನ್ನೆಲ್ಲ ಬಿಚ್ಚಿ ಮತ್ತೆ ಹೊಲಿಯುತ್ತಿರುತ್ತೀಯೆಂದು ಗೊತ್ತು. ಪಾಪ, ಅವನನ್ನು ಬಿಟ್ಟುಬಿಡು. ನಾವೆಲ್ಲ ಕ್ಷೇಮ, ಅಂದರೆ ಸೋಮವಾರದವರೆಗೆ ಕ್ಷೇಮವಾಗಿದ್ದೆವು.

ಸೋಮವಾರ ಒಬ್ಬ ಮಹಾಶಯ ಬಂದ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಗಡಿಯಾರ, ಮುಖದಲ್ಲಿ ಮಾತ್ರ ಏನೂ ಇಲ್ಲ. ದೇಶದ ಕೆಲಸಗಾರರು ಗಂಟೆಗೆ ಎಷ್ಟು ಕೆಲಸ ಮಾಡುತ್ತಾರೆಂದು ಸರ್ಕಾರ ಅಳೆಯುತ್ತಿದೆಯಂತೆ. ಆದ ಕೆಲಸವನ್ನು ದುಡಿದ ಗಂಟೆಗಳಿಂದ ಭಾಗಿಸಿದರೆ ದೇಶದ ಬಂಡವಾಳವೇ ಬಯಲಾಗುತ್ತದಂತೆ. ನಂಬಬೇಕೇ? ಬಟ್ಟೆ ಕತ್ತರಿಸುವ ನಮ್ಮ ಕತ್ತರಿಯವಳು ನನ್ನ ಕಿವಿಯಲ್ಲಿ, "ದೇಶಾನೂ ಇಲ್ಲ, ಗೀಶಾನೂ ಇಲ್ಲ. ಯಾರನ್ನ ಮನೆಗೆ ಕಳಿಸೋಣ ಅಂತ ಮೇಸ್ತ್ರೀನೇ ಕರೆಸಿರೋದು ಕಣೇ" ಎಂದಳು. ನಾನು ಎರಡು ಸಲ ಕೆಮ್ಮಿದೆ, ಎರಡು ಸಲವೂ ಅವನ ಪೆನ್ಸಿಲು ಅಲ್ಲಾಡಿತು!

ಈಗ ನಿನಗೆ ಹೇಳದೆ ಮಾಡಿದ ನಮ್ಮ ಘನಕಾರ್ಯ ಕೇಳು. ಎರಡು ವಾರದ ರಜೆ ಮುಗಿದ ಮೇಲೂ ಬಾರದಿದ್ದರೆ ನಿನ್ನ ಮಷೀನಿಗೆ ಬೇರೆಯವರನ್ನು ಕೂರಿಸುವೆನೆಂದು ಮೇಸ್ತ್ರಿ ಹೇಳಿದ್ದನಲ್ಲ. ಅದಕ್ಕೇ ಆ ರಜೆ ಮುಗಿದ ದಿನದಿಂದ, ಈಗ ಒಂದು ತಿಂಗಳಾಯಿತು, ನಾವು ನಾಲ್ವರು ಊಟದ ಬಿಡುವಿನಲ್ಲಿ ದಿನಕ್ಕೆ ಮೂವತ್ತು ಕಾಲರು ಹೊಲಿದು ನಿನ್ನ ಹೆಸರಿಗೆ ಬರೆಸುತ್ತಿದ್ದೇವೆ. ಮೇಸ್ತ್ರಿ ಕೆಳಗೆ ಕೂತು ಮಾಲಿನ ಪುಸ್ತಕ ನೋಡುವವನೇ ಹೊರತು ಮೇಲೆ ಹತ್ತಿ ಬರುವವನಲ್ಲ. ನೀನು ಬಂದಿದ್ದೀಯೆಂದೇ ತಿಳಿದಿದ್ದಾನೆ. ಆದರೆ ಮೇಲೆ ನಮ್ಮ ಬಳಿಯೇ ಇರುವ ಹಾಜರಿ ಪುಸ್ತಕದಲ್ಲಿ ನಿನ್ನ ಗಂಟೆಗಳನ್ನೂ ಬರೆಯಬೇಕೆಂದು ನಮ್ಮ ನಾಲ್ಕು ತಲೆಗಳಲ್ಲಿ ಒಂದಕ್ಕೂ ಹೊಳೆಯಲಿಲ್ಲ.

ಇವತ್ತು ಬೆಳಿಗ್ಗೆ ಮಹಾಶಯ ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟ. ಮೂವತ್ತು ಕಾಲರನ್ನು ಸೊನ್ನೆ ಗಂಟೆಯಿಂದ ಭಾಗಿಸಲು ಹೋಗಿ ಅವನ ಕ್ಯಾಲ್ಕುಲೇಟರು ಮುಷ್ಕರ ಹೂಡಿತು. ಕನ್ನಡಕ ಒರೆಸಿಕೊಂಡು, "ಇವ್ರು ಯಾರಮ್ಮಾ? ಇಡೀ ದೇಶದಲ್ಲೇ ಇಂಥ ಕೆಲಸಗಾರ್ತಿ ಸಿಕ್ಕಿರ್ಲಿಲ್ಲ!" ಎಂದ. "ನಮ್ಮಕ್ಕ ಸಾರ್, ಕೈ ಸ್ವಲ್ಪ ಚುರುಕು" ಎಂದೆ. ಅವನು ನಿನ್ನ ಖಾಲಿ ಸ್ಟೂಲನ್ನೇ ನೋಡಿದ. ನಾನು ಫ್ಯಾನು ನೋಡಿದೆ.

ಮಗಳು ಅಳಿಯನಿಗೆ ನನ್ನ ಆಶೀರ್ವಾದ, ನಿನ್ನ ಎರಡು ಮಂಡಿಗೂ ಬೇರೆಬೇರೆ ನಮಸ್ಕಾರ.

ನಿನ್ನ ತಂಗಿ,
ಬಾಯಿಬಡುಕಿ

ತಾ.ಕ.: ಅವನು ಈಗಷ್ಟೇ ಹೊರಟ. ನಿನ್ನ ಗಂಟೆಯ ಜಾಗ ಖಾಲಿ ಬಿಟ್ಟು, "ಸೋಮವಾರ ತುಂಬ್ಕೊಳ್ತೀನಿ. ಅಷ್ಟ್ರಲ್ಲಿ ಬರ್ತಾರಲ್ವಾ?" ಎಂದ. ಒಳ್ಳೆಯವನೋ, ಬೋನಿಟ್ಟು ಕಾಯುವವನೋ, ತಿಳಿಯದು. ಭಾನುವಾರವೇ ಬಂದುಬಿಡು. ನಾವೇ ನಿನ್ನನ್ನು ಎತ್ತಿ ಮೆಟ್ಟಿಲು ಹತ್ತಿಸುತ್ತೇವೆ. ಕಾಲರು ನೀನು ಹಿಡಿ, ಪಕ್ಕದಲ್ಲಿ ಕೂತು ಪೆಡಲು ನಾನು ತುಳಿಯುತ್ತೇನೆ. ಅದನ್ನು ಯಾರ ಗಂಟೆಗೆ ಬರೆಯಬೇಕೆಂದು ದೇಶವೇ ತಲೆ ಕೆಡಿಸಿಕೊಳ್ಳಲಿ.