ಎಡೆಯಲ್ಲಿಟ್ಟ ಬಾಟಲಿ

ಅಪ್ಪಾ,

ಇವತ್ತು ನಿನ್ನ ದಿನಕರ್ಮ. ಸತ್ತವರಿಗೆ ಸೇರುತ್ತಿದ್ದುದನ್ನು ಎಡೆ ಇಡಬೇಕಲ್ಲ, ಮಲ್ಲಿಕಾರ್ಜುನ ಕಾಕಾ ನಿನ್ನ ಫೋಟೋದ ಮುಂದೆ ದಾರೂ ಬಾಟಲಿ ಇಟ್ಟ. ಪಕ್ಕದಲ್ಲೊಂದು ಬೀಡಿ ಕಟ್ಟು.

"ಅಪ್ಪ ಒಂದ ಹನಿನೂ ಮುಟ್ಟಿಲ್ಲ," ಎಂದೆ.

"ಲಾರಿ ಡ್ರೈವರ ಕುಡೀದ ಇರ್ತಾನೇನ? ನಿಮಗ ಹೇಳಿರಂಗಿಲ್ಲ ತಗೋ," ಎಂದು ಕಾಕಾ ನಕ್ಕ.

ಸಂಪಗಾಂವದಿಂದ ಬಂದ ಬೀಗರೂ ಹಲ್ಲು ಕಿರಿದರು. ಥೂ! ಕುಡಿದಿದ್ದ ಮಾಲೀಕನನ್ನೇ ಸವದತ್ತಿಯಲ್ಲಿ ಲಾರಿಯಿಂದ ಇಳಿಸಿ ಬಂದವನು ನೀನು. ನಾನು ಬಾಟಲಿ ಎತ್ತಿಕೊಂಡು ಎಸೆಯಲು ಹೊರಟೆ.

"ಹಂಗಾರ ಅವಗ ಏನ ಸೇರತಿತ್ತು? ನೀನ ಹೇಳವಾ, ಅದನ್ನ ಇಡೂಣು," ಎಂದ ಕಾಕಾ.

ನಾನು ಅವ್ವನ ಮುಖ ನೋಡಿದೆ. ಅವ್ವ ನನ್ನ ಮುಖ ನೋಡಿದಳು. ನೀನು ರಾಮದುರ್ಗದ ಲಾರಿ ಬಾಡಿಗೆ ಮುಗಿಸಿ ಬಂದಾಗಲೆಲ್ಲ ನನಗೆ ಜಿಲೇಬಿ, ಅವ್ವನಿಗೆ ಚೂಡಾ ತರುತ್ತಿದ್ದೆ. "ನಂದು ಧಾಬಾದಾಗ ಆಗೇತಿ, ನೀವು ತಿನ್ರಿ," ಎಂದು ಬಾಗಿಲಿಗೆ ಒರಗಿ, ನಾವು ತಿನ್ನುವುದನ್ನೇ ನೋಡುತ್ತ ನಿಲ್ಲುತ್ತಿದ್ದೆ.

ಕಾಕಾ ನನ್ನ ಕೈಯಿಂದ ಬಾಟಲಿ ತೆಗೆದುಕೊಂಡು ಮತ್ತೆ ನಿನ್ನ ಮುಂದಿಟ್ಟ. ಈ ಸಲ ನಾನು ತಡೆಯಲಿಲ್ಲ.

ದುರ್ಗಾ