ಕೀಲಿ ಮೊಳೆಯಲ್ಲೇ ತೂಗುತ್ತಿತ್ತು

ವಾಹನಗಳ ಸುರಕ್ಷತೆಗೆ ಮುದ್ರೆಯೊತ್ತುವ ಕಚೇರಿಯ ಮುಖ್ಯಸ್ಥರೇ,

ನೀವು ‘ಸುರಕ್ಷಿತ’ ಎಂದು ಮುದ್ರೆಯೊತ್ತಿದ ನಮ್ಮ ಅಕ್ಕನ ಕಾರನ್ನು ಹಾಡುಹಗಲೇ ಕದ್ದೊಯ್ದಿದ್ದಾರೆ. ಗಾಜು ಒಡೆದಿಲ್ಲ, ಬೀಗ ಮುರಿದಿಲ್ಲ. ಕೀಲಿ ನಮ್ಮ ಮನೆಯೊಳಗೆ ಮೊಳೆಯಲ್ಲೇ ತೂಗುತ್ತಿತ್ತು. ಇದಕ್ಕೆ ನಿಮ್ಮ ಕಚೇರಿ ಕಳಿಸಿದ ಉತ್ತರ ಓದಿ ನನಗೆ ಹೇಸಿಗೆಯಾಯಿತು. ಅದನ್ನು ನಾಲ್ಕು ಜನರ ಮುಂದೆ ಹೇಳಲೆಂದೇ ಈ ಪತ್ರ.

ಅಕ್ಕ ಈಜು ಕಲಿಸುವವಳು. ಚಿಕ್ಕಂದಿನಲ್ಲೇ ಕಾಲುಗಳ ಬಲ ಹೋದರೂ ನೀರಿಗಿಳಿದರೆ ಅವಳನ್ನು ಹಿಡಿಯುವವರಿಲ್ಲ. ನೆಲದ ಮೇಲೆ ಆ ಕಾರೇ ಅವಳ ಕಾಲು. ಬ್ರೇಕು, ಆಕ್ಸಿಲರೇಟರು ಎರಡನ್ನೂ ಕೈಯಲ್ಲೇ ನಡೆಸುವಂತೆ ಮಾಡಿಸಿದ್ದೆವು. ಜೇಬಿನಲ್ಲಿ ಕೀಲಿ ಇದ್ದರೆ ಸಾಕು, ಹತ್ತಿರ ಹೋದೊಡನೆ ಬಾಗಿಲು ತೆರೆಯುತ್ತದೆ ಎಂದು ಕಾರು ಮಾರಿದವರು ಹೇಳಿದಾಗ, ಊರುಗೋಲು ಹಿಡಿದ ಕೈಗೆ ಒಂದು ಕೆಲಸ ಕಡಿಮೆಯಾಯಿತೆಂದು ಹಿಗ್ಗಿದ್ದಳು. ಮನೆಗೆ ಬಂದರೆ ಕೀಲಿ ಬಾಗಿಲ ಪಕ್ಕದ ಮೊಳೆಗೆ. ಅದು ಅಪ್ಪ ಹಾಕಿಕೊಟ್ಟ ಕಟ್ಟಳೆ. “ಮೊಳೇಲಿದ್ರೆ ಕೀಲಿ ಎಲ್ಲೂ ಹೋಗಲ್ಲ” ಅನ್ನುತ್ತಿದ್ದರು. ಪಾಪ, ಕೀಲಿ ಎಲ್ಲೂ ಹೋಗಲಿಲ್ಲ.

ಆ ಮಧ್ಯಾಹ್ನ ಪಾರ್ಸಲ್‌ನವನಂತೆ ದೊಡ್ಡ ಚೀಲ ಹೊತ್ತವನೊಬ್ಬ ಬಾಗಿಲಿಗೆ ಒರಗಿ ನಿಂತಿದ್ದ. “ಅಡ್ರೆಸ್ಸು ಸಿಗ್ತಿಲ್ಲ ಅಕ್ಕಾ, ಸ್ವಲ್ಪ ನೀರು ಕೊಡ್ತೀರಾ?” “ಅಯ್ಯೋ, ಈ ಬಿಸಿಲಲ್ಲಿ ಎಷ್ಟೊತ್ತಿಂದ ಅಲೀತಿದ್ದೀಯಪ್ಪಾ, ಇರು ತರ್ತೀನಿ” ಎಂದ ಅಕ್ಕ, ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಲೋಟ ಹಿಡಿದು ಬಂದು ಕಿಟಕಿಯಲ್ಲಿ ಕೊಟ್ಟಳು. ಅವನು ನಿಧಾನವಾಗಿ ಕುಡಿದ. ಪೊಲೀಸರು ಆಮೇಲೆ ವಿವರಿಸಿದ ಪ್ರಕಾರ, ಅಷ್ಟರಲ್ಲಿ ಅವನ ಚೀಲದೊಳಗಿನ ಯಂತ್ರ ಗೋಡೆಯಾಚೆಯ ಕೀಲಿಯ ಸಂಕೇತವನ್ನು ಹಿಡಿದು, ಕಾರಿನ ಬಳಿಯಿದ್ದ ಜೊತೆಗಾರನಿಗೆ ದಾಟಿಸುತ್ತಿತ್ತು. ಒಡತಿಯೇ ಬಂದಳೆಂದು ನಂಬಿದ ಕಾರು ಬಾಗಿಲು ತೆರೆದು, ಚಾಲೂ ಆಗಿ, ಹೊರಟೇ ಹೋಯಿತು. ಚೀಲದವನು ಲೋಟ ವಾಪಸು ಕೊಟ್ಟು, ಥ್ಯಾಂಕ್ಸ್ ಬೇರೆ ಹೇಳಿ ಹೋದ.

ನಿಮ್ಮ ಉತ್ತರವೇನು? ‘ಮಾಲೀಕರು ಕೀಲಿಯನ್ನು ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಇರಿಸತಕ್ಕದ್ದು.’ ಆಹಾ! ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವವರ ಬಗ್ಗೆ ಕೇಳಿದ್ದೆ. ಆ ಬಾಗಿಲನ್ನೂ ಕೊಳ್ಳೆ ಹೋದವರೇ ತರಬೇಕೆಂಬುದು ಗೊತ್ತಿರಲಿಲ್ಲ. ಡಬ್ಬಿ ಬೇಕೆಂದು ನಿಮಗೆ ಮೊದಲೇ ತಿಳಿದಿದ್ದರೆ ಮುದ್ರೆಯೊತ್ತಿದ್ದೇಕೆ? ತಿಳಿದಿರಲಿಲ್ಲವೆಂದರೆ ಪರೀಕ್ಷಿಸಿದ್ದೇನನ್ನು, ಬಣ್ಣವನ್ನೇ? ಫೋನು ಮಾಡಿದರೆ ನಿಮ್ಮ ಗುಮಾಸ್ತರು, “ಅವನಿಗೆ ನೀರು ಕೊಡಿ ಅಂತ ನಿಮ್ಮಕ್ಕಂಗೆ ಯಾರು ಹೇಳಿದ್ರು?” ಎಂದರು. ಥೂ! ಯಾರು ಹೇಳಬೇಕಿತ್ತು ಸ್ವಾಮಿ?

ಅಲುಗದೆ ಮೊಳೆಯಲ್ಲಿರುವ ಕೀಲಿ ತಾನಾಗಿ ಸಂಕೇತ ನಿಲ್ಲಿಸಿ ಸುಮ್ಮನಾಗಬೇಕು. ಕೀಲಿ ನಿಜಕ್ಕೂ ಪಕ್ಕದಲ್ಲಿದೆಯೇ ಎಂದು ಕಾರು ದೂರ ಅಳೆದು ನೋಡಬೇಕು. ಈ ಉಪಾಯಗಳು ಇದ್ದೇ ಇವೆ. ಅವಿಲ್ಲದ ಯಾವ ಕಾರಿಗೂ ಇನ್ನು ಮುದ್ರೆಯೊತ್ತಬೇಡಿ. ಈಗಾಗಲೇ ಬೀದಿಯಲ್ಲಿರುವ ಕಾರುಗಳನ್ನು ತಯಾರಕರೇ ತಮ್ಮ ಖರ್ಚಿನಲ್ಲಿ ಸರಿಪಡಿಸಲಿ ಎಂದು ಆದೇಶ ಹೊರಡಿಸಿ.

ಅಕ್ಕ ಈಗ ಈಜುಕೊಳಕ್ಕೆ ಹೋಗುತ್ತಿಲ್ಲ. ನಿನ್ನೆ ನಿಜವಾದ ಪಾರ್ಸಲ್‌ನವನೇ ಬಂದು ನೀರು ಕೇಳಿದ. ಅಕ್ಕ ಕಿಟಕಿ ಮುಚ್ಚಿದಳು. ಆಮೇಲೆ ಕೂತು ಅತ್ತಳು.

ಇಂತಿ,
ಬದಲಿ ಕೀಲಿಯೂ ಸೇರಿ ಎರಡೆರಡು ಕೀಲಿ ಡಬ್ಬಿಯಲ್ಲಿಟ್ಟುಕೊಂಡು ಕಾರಿಗಾಗಿ ಕಾಯುತ್ತಿರುವ
ಆಕೆಯ ತಮ್ಮ